ಕೆಳಗಿನ ಮೆಟ್ಟಿಲು ಮಕ್ಕಳದ್ದು: ಮನೆಯಲ್ಲೇ ಗೊಂಬೆ ಹಬ್ಬ ಮಾಡಲು ಸಮಗ್ರ ಮಾರ್ಗದರ್ಶಿ

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳ ಕಿವಿಗೆ ಹೆಚ್ಚು ಬೀಳುವ ಮಾತು "ಮುಟ್ಟಬೇಡ". ಅಜ್ಜಿಯ ಕಾಲದ ಮಣ್ಣಿನ ಗೊಂಬೆಗಳು, ತವರಿನಿಂದ ಬಂದ ರಾಜ ರಾಣಿಯರ ಪಟ್ಟದ ಗೊಂಬೆಗಳು, ಮೂಗು ಮುಕ್ಕಾದರೂ ಎಸೆಯಲು ಮನಸ್ಸು ಬಾರದ ದಶಾವತಾರದ ಸೆಟ್ಟು, ಇವನ್ನೆಲ್ಲ ಜೋಪಾನ ಮಾಡಲೇಬೇಕು. ಆದರೆ ಒಂಬತ್ತು ದಿನವೂ ದೂರ ನಿಂತು ನೋಡುವುದಷ್ಟೇ ಮಕ್ಕಳ ಪಾಲಿಗೆ ಬಂದರೆ ಆ ಹಬ್ಬ ದೊಡ್ಡವರದ್ದೇ ಆಗಿಬಿಡುತ್ತದೆ. ನನ್ನ ಸಲಹೆ ಸರಳ: ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟುಕೊಡಿ. ಅಲ್ಲಿ ಏನು ಕೂರಬೇಕು, ಯಾವ ಕಥೆ ನಡೆಯಬೇಕು, ಯಾವ ದಿನ ಏನು ಬದಲಾಗಬೇಕು ಎಂಬುದೆಲ್ಲ ಅವರದೇ ತೀರ್ಮಾನ. ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲದಿದ್ದರೂ ಒಂದು ಮೇಜಿನ ಮೇಲೆ ಈ ಒಂದೇ ಮೆಟ್ಟಿಲಿನಿಂದ ಶುರು ಮಾಡಬಹುದು.

ಇಲ್ಲಿರುವ ಕೆಲಸಗಳು ಸುಮಾರು ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಹೊಂದುತ್ತವೆ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಮಣಿ, ಗುಂಡಿ, ಕಾಳುಗಳನ್ನು ಅದರ ಕೈಗೆ ಸಿಗದಂತೆ ಇಡಿ.

ಎರಡು ವಾರ ಮೊದಲು: ಕಥೆ ಆರಿಸಿಕೊಳ್ಳುವುದು

ನವರಾತ್ರಿ ಆಶ್ವಯುಜ ಶುದ್ಧ ಪಾಡ್ಯದಂದು ಶುರುವಾಗುತ್ತದೆ. ಅದಕ್ಕೆ ಮೊದಲಿನ ಹದಿನೈದು ದಿನ ಪಿತೃಪಕ್ಷ. ಆಗ ಹೊಸ ವಸ್ತು ಕೊಳ್ಳದ ಮನೆಗಳು ಎಷ್ಟೋ ಇವೆ. ನಿಮ್ಮದೂ ಅಂಥ ಮನೆಯಾದರೆ ಬಣ್ಣ, ಗೋಂದು, ಬ್ರಶ್ಶುಗಳನ್ನು ಗಣೇಶನ ಹಬ್ಬದ ಹೊತ್ತಿಗೇ ತಂದಿಟ್ಟುಕೊಳ್ಳಿ. ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ: ಹಳೆ ಪೇಪರು, ರಟ್ಟಿನ ಪೆಟ್ಟಿಗೆ, ತೆಂಗಿನ ಕರಟ, ಟೈಲರ್ ಅಂಗಡಿಯಿಂದ ಬಂದ ಬಟ್ಟೆ ಚೂರು.

ಮೊದಲು ಮಕ್ಕಳನ್ನು ಕೂರಿಸಿಕೊಂಡು ಯಾವ ಕಥೆ ಬೇಕು ಎಂದು ಕೇಳಿ. "ಥೀಮ್ ಏನು" ಎಂದು ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. "ಅಜ್ಜಿ ಹೇಳಿದ ಯಾವ ಕಥೆ ನಿನಗೆ ಇನ್ನೂ ನೆನಪಿದೆ?" ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಪುರಾಣದ ಕಥೆಯೇ ಆಗಬೇಕೆಂದಿಲ್ಲ. ಊರ ಜಾತ್ರೆ, ಬಸ್ ನಿಲ್ದಾಣ, ತಮ್ಮ ಬೀದಿ, ಸಂತೆ, ತಾತನ ತೋಟ ಏನು ಬೇಕಾದರೂ ಆಗಬಹುದು. ಹಳೆಯ ಗೊಂಬೆ ಸಾಲುಗಳಲ್ಲೂ ಮದುವೆ ಮನೆ, ಓಲಗದವರು, ದಿನಸಿ ಹರಡಿಕೊಂಡು ಕೂತ ಶೆಟ್ಟಿ ದಂಪತಿಗಳು ದೇವರ ಕೆಳಗಿನ ಮೆಟ್ಟಿಲುಗಳಲ್ಲಿ ಇದ್ದೇ ಇರುತ್ತಾರೆ. ಇಂದಿನ ಮಗು ಅಲ್ಲಿ ಮೆಟ್ರೋ ನಿಲ್ದಾಣ ಕೂರಿಸಿದರೂ ಅದು ಸಂಪ್ರದಾಯದ ಮುಂದುವರಿಕೆಯೇ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಸೆಟ್ಟುಗಳನ್ನು ಮಕ್ಕಳ ಮೆಟ್ಟಿಲಿಗೆ ತರಬೇಡಿ. ಅವು ಚೆಂದವಾಗಿಯೇ ಇರುತ್ತವೆ, ಆದರೆ ಮಕ್ಕಳಿಗೆ ಮಾಡಲು ಕೆಲಸವನ್ನೇ ಉಳಿಸುವುದಿಲ್ಲ. ಕೊಳ್ಳಲೇಬೇಕೆಂದರೆ ಚನ್ನಪಟ್ಟಣದ ಒಂದೆರಡು ಮರದ ಗೊಂಬೆ ಕೊಳ್ಳಿ. ಹಗುರವಾದ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಅವು ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ. ಹಬ್ಬ ಮುಗಿದ ಮೇಲೂ ಮಕ್ಕಳು ಆಡಿಕೊಳ್ಳಬಹುದು.

ಒಂಬತ್ತು ದಿನ ಬೆಳೆಯುವ ಕಥೆ: ಸಮುದ್ರ ಮಥನ

ಇನ್ನೂ ಏನೂ ಹೊಳೆಯದಿದ್ದರೆ ಸಮುದ್ರ ಮಥನ ಆರಿಸಿಕೊಳ್ಳಿ. ಗೊಂಬೆ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ಇದರಲ್ಲಿ ಮಕ್ಕಳು ಎಳೆದಾಡಿಸಬಹುದಾದ ಹಗ್ಗವಿದೆ, ತಿರುಗುವ ಬೆಟ್ಟವಿದೆ, ದಿನಕ್ಕೊಂದು ಹೊಸ ವಸ್ತು ಕಡಲಿನಿಂದ ಮೇಲೆ ಬರುತ್ತದೆ. ಮೊದಲ ದಿನವೇ ಎಲ್ಲವನ್ನೂ ಜೋಡಿಸಿ ಮುಗಿಸಿಬಿಟ್ಟರೆ ಮೂರನೇ ದಿನಕ್ಕೆ ಮಕ್ಕಳ ಉತ್ಸಾಹ ಇಳಿಯುತ್ತದೆ. ಕಥೆ ದಿನವೂ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರೆ ಸಂಜೆಯಾಗುವುದನ್ನೇ ಕಾಯುತ್ತಾರೆ.

ಮಾಡುವ ಬಗೆ ಹೀಗೆ. ತೆಂಗಿನಕಾಯಿ ಒಡೆದಾಗ ಕಣ್ಣುಗಳಿರುವ ಅರ್ಧ ಕರಟವನ್ನು ಎತ್ತಿಡಿ. ನಾರು ಕೆರೆದು, ಮೆತ್ತನೆಯ ಕಣ್ಣನ್ನು ದೊಡ್ಡವರು ಚೂಪಾದ ಕಡ್ಡಿಯಿಂದ ಬಿಡಿಸಿ, ಪೆನ್ಸಿಲ್ ತೂರುವಷ್ಟು ಅಗಲ ಮಾಡಿಕೊಡಿ. ಕರಟದ ಒಳಗೆ ಹದವಾದ ಜೇಡಿಮಣ್ಣನ್ನು ಗಟ್ಟಿಯಾಗಿ ತುಂಬಿ ಬೋರಲು ಹಾಕಿ. ಮೇಲಿನ ಕಣ್ಣಿನ ಮೂಲಕ ಒಂದು ಉದ್ದ ಪೆನ್ಸಿಲನ್ನು ಮಣ್ಣಿಗೆ ಚುಚ್ಚಿ ನೆಟ್ಟಗೆ ನಿಲ್ಲಿಸಿ. ಎರಡು ದಿನ ಒಣಗಲು ಬಿಟ್ಟರೆ ಪೆನ್ಸಿಲ್ ಅಲುಗುವುದಿಲ್ಲ. ಕರಟಕ್ಕೆ ನಾಲ್ಕು ಕಾಲು, ಒಂದು ತಲೆ ಅಂಟಿಸಿದರೆ ಅದೇ ಕೂರ್ಮ. ಈಗ ಅಡುಗೆ ಮನೆಯ ಫಾಯಿಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಕರಟದ ಮೇಲೆ ಕಾಣುವ ಪೆನ್ಸಿಲಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಮೇಲಿನ ಬಾಯಿಯನ್ನು ರಟ್ಟಿನ ಬಿಲ್ಲೆಯಿಂದ ಮುಚ್ಚಿ, ಪೆನ್ಸಿಲಿನ ಮೇಲೆ ಕವುಚಿ ಹಾಕಿ. ಕೊಳವೆಯ ಅಂಚು ಕರಟಕ್ಕೆ ತಾಗದೆ ಪೆನ್ಸಿಲಿನ ತುದಿಯ ಮೇಲೆ ಸಲೀಸಾಗಿ ತಿರುಗಬೇಕು. ಅದೇ ಮಂದರ ಪರ್ವತ. ಹೊರಗೆ ಕಂದು, ಹಸಿರು ಬಣ್ಣದ ಕಾಗದವನ್ನು ಮುದ್ದೆ ಮಾಡಿ ಅಂಟಿಸಿದರೆ ಬೆಟ್ಟದ ರೂಪ ಬರುತ್ತದೆ. ನಡುವೆ ಹಗ್ಗ ಸುತ್ತುವ ಜಾಗವನ್ನು ಮಾತ್ರ ಬೋಳಾಗಿ ಬಿಡಿ.

ವಾಸುಕಿಗೆ ಹಳೆ ಬಟ್ಟೆಯ ಮೂರು ಪಟ್ಟಿಗಳನ್ನು ಜಡೆ ಹೆಣೆಯಿರಿ. ಜಡೆ ಹೆಣೆಯಲು ಕಲಿಯುವುದೇ ಎಷ್ಟೋ ಮಕ್ಕಳಿಗೆ, ಗಂಡುಮಕ್ಕಳಿಗೂ, ಈ ಹಬ್ಬದ ದೊಡ್ಡ ಗಳಿಕೆ. ಒಂದು ತುದಿಗೆ ಹೆಡೆ ಹೊಲಿದು, ಬೆಟ್ಟಕ್ಕೆ ಒಂದು ಸುತ್ತು ಸುತ್ತಿ. ಹೆಡೆಯ ಕಡೆ ಅಸುರರು, ಬಾಲದ ಕಡೆ ದೇವತೆಗಳು. ಒಂದು ಮಗು ಈ ಕಡೆ, ಇನ್ನೊಂದು ಆ ಕಡೆ ಹಗ್ಗ ಹಿಡಿದು ಮೆಲ್ಲಗೆ ಎಳೆದರೆ ಬೆಟ್ಟ ನಿಜವಾಗಿಯೂ ತಿರುಗುತ್ತದೆ. ಕೆಳಗೆ ಹಾಸಿದ ನೀಲಿ ಬಟ್ಟೆಯೇ ಕಡಲು.

ಕಡಲಿನಿಂದ ಬಂದವುಗಳ ಸಂಖ್ಯೆ, ಕ್ರಮ ಪುರಾಣದಿಂದ ಪುರಾಣಕ್ಕೆ ಬೇರೆಯಾಗುತ್ತದೆ. ಮಕ್ಕಳಿಗೆ ಒಂಬತ್ತು ಸಾಕು: ಪಾಡ್ಯದಂದು ಹಾಲಾಹಲ, ಆಮೇಲೆ ದಿನಕ್ಕೊಂದರಂತೆ ಕಾಮಧೇನು, ಉಚ್ಚೈಃಶ್ರವಸ್ಸು ಎಂಬ ಬಿಳಿ ಕುದುರೆ, ಐರಾವತ, ಕೌಸ್ತುಭ ಮಣಿ, ಪಾರಿಜಾತ, ಚಂದ್ರ, ಲಕ್ಷ್ಮಿ, ಕೊನೆಗೆ ನವಮಿಯಂದು ಅಮೃತ ಕಲಶ ಹಿಡಿದ ಧನ್ವಂತರಿ. ಇವನ್ನೆಲ್ಲ ಮೊದಲೇ ಮಾಡಿ ನೀಲಿ ಬಟ್ಟೆಯ ಕೆಳಗೆ ಬಚ್ಚಿಡಬೇಕು. ನೋಡಲು ಬಂದವರ ಎದುರಿಗೆ ಹಗ್ಗ ಎಳೆದು, ಕಥೆ ಹೇಳಿ, ಆ ದಿನದ ವಸ್ತುವನ್ನು ಹೊರತೆಗೆಯುವುದು ಮಗುವಿನ ಕೆಲಸ. ಮೊದಲ ದಿನ ಅಮೃತದ ಬದಲು ವಿಷ ಬಂತಲ್ಲ, ಯಾರು ಕುಡಿಯಬೇಕು ಎಂದು ಕೇಳುವ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು.

ಪೇಪರ್ ಮುದ್ದೆಯ ಗೊಂಬೆಗಳು

ಬಿದಿರಿನ ಮೊರ, ಬುಟ್ಟಿಗಳಿಗೆ ಕಾಗದ ಮತ್ತು ಮೆಂತ್ಯ ರುಬ್ಬಿ ಬಳಿಯುವ ಪದ್ಧತಿ ನಮ್ಮ ಕಡೆ ಹಿಂದಿನಿಂದ ಇತ್ತು. ಮೆಂತ್ಯದ ಲೋಳೆ ಕಾಗದವನ್ನು ಹಿಡಿದಿಡುತ್ತದೆ, ಕಹಿ ಹುಳುವನ್ನು ದೂರವಿಡುತ್ತದೆ ಎಂಬ ನಂಬಿಕೆಯೂ ಇದೆ. ಮಕ್ಕಳ ಗೊಂಬೆಗೂ ಇದೇ ಹಿಟ್ಟು ಬಹಳ ಹೊಂದುತ್ತದೆ.

ಐದಾರು ಹಾಳೆ ದಿನಪತ್ರಿಕೆಯನ್ನು ಮಕ್ಕಳು ಬೆರಳುಗುರಿನಷ್ಟು ಚೂರು ಮಾಡಲಿ. ಒಂದು ರಾತ್ರಿ ನೆನೆಸಿ, ನೀರು ಬದಲಿಸಿ ಇನ್ನೊಂದು ದಿನ ಬಿಡಿ. ಬೇರೆ ಬಟ್ಟಲಲ್ಲಿ ಎರಡು ಚಮಚ ಮೆಂತ್ಯ ನೆನೆಸಿ. ಎರಡನ್ನೂ ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ, ಧಾರಾಳವಾಗಿ ನೀರು ಸೇರಿಸಿ ನುಣ್ಣಗೆ ರುಬ್ಬಿ. ಇದು ದೊಡ್ಡವರ ಕೆಲಸ. ತೆಳು ಬಟ್ಟೆಯಲ್ಲಿ ಹಿಂಡಿದ ಮುದ್ದೆಗೆ ಎರಡು ಚಮಚ ಮೈದಾ ಕುದಿಸಿದ ಅಂಟು ಬೆರೆಸಿ ನಾದಿ. ಚಪಾತಿ ಹಿಟ್ಟಿನ ಹದ ಬಂದರೆ ಸರಿ. ನೀರು ಜಾಸ್ತಿಯಾದರೆ ಗೊಂಬೆ ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ.

ಇಡೀ ಗೊಂಬೆಯನ್ನು ಮುದ್ದೆಯಲ್ಲೇ ಮಾಡಬೇಡಿ. ಒಣಗಲು ವಾರಗಟ್ಟಲೆ ಬೇಕಾಗುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಒಣ ಪೇಪರನ್ನು ಉಂಡೆ ಮಾಡಿ ದಾರ ಸುತ್ತಿ, ಅದರ ಮೇಲೆ ಚಪಾತಿಯಷ್ಟೇ ತೆಳ್ಳಗೆ ಮುದ್ದೆ ಬಳಿಯಿರಿ. ಆನೆಗೆ ನಾಲ್ಕು ಸಣ್ಣ ಉರುಳೆ ಕಾಲು, ದೇವತೆ ಅಸುರರಿಗೆ ಒಂದೊಂದು ಶಂಕುವಿನಾಕಾರದ ಮೈ, ಮೇಲೊಂದು ಗೋಲಿ ತಲೆ ಸಾಕು. ನವರಾತ್ರಿಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಬಿಸಿಲು ಸಿಗದಿದ್ದರೆ ಫ್ಯಾನ್ ಕೆಳಗಿಟ್ಟು ದಿನಕ್ಕೊಮ್ಮೆ ತಿರುಗಿಸಿ. ನಾಲ್ಕೈದು ದಿನ ಬೇಕೇ ಬೇಕು. ಪೂರ್ತಿ ಒಣಗಿದ ಮೇಲೆ ಮೊದಲು ಬಿಳಿ ಬಣ್ಣದ ಒಂದು ಕೋಟ್, ಅದರ ಮೇಲೆ ಪೋಸ್ಟರ್ ಬಣ್ಣ. ಬಿಳಿ ಹಚ್ಚದೆ ಬಿಟ್ಟರೆ ಪೇಪರಿನ ಬೂದು ಬಣ್ಣ ಎಲ್ಲ ಬಣ್ಣವನ್ನೂ ಮಂಕು ಮಾಡುತ್ತದೆ.

ಬಣ್ಣ ಹಚ್ಚುತ್ತಾ ಕೂತಾಗ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಗ್ಗೆ ಮಕ್ಕಳಿಗೆ ಹೇಳಿ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸಿ, ಕೀಲು ಮುಚ್ಚಿ, ಬಣ್ಣ ಹಚ್ಚುತ್ತಾ ಬಂದಿವೆ. ತಾವು ಮಾಡುತ್ತಿರುವುದು ಬರೀ ಕ್ರಾಫ್ಟ್ ಕ್ಲಾಸಿನ ಕೆಲಸವಲ್ಲ, ನಾಡಿನಲ್ಲಿ ಜನ ಬದುಕು ಕಟ್ಟಿಕೊಂಡ ವಿದ್ಯೆ ಎಂಬುದು ಮಕ್ಕಳಿಗೆ ಗೊತ್ತಾಗಬೇಕು.

ಒಂದು ವಾರ ಮೊದಲು: ರಾಗಿ ಹೊಲ

ಗೊಂಬೆಗಳ ನಡುವೆ ಹಸಿರು ಪಾರ್ಕು, ಹೊಲ ಇಲ್ಲದಿದ್ದರೆ ಹಬ್ಬಕ್ಕೆ ಕಳೆಯಿಲ್ಲ. ಪಾಡ್ಯಕ್ಕೆ ಏಳೆಂಟು ದಿನ ಮುಂಚೆ ಒಂದು ಹಿಡಿ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಡಿ. ಮೊಳಕೆ ಇಣುಕಿದ ಮೇಲೆ ತಟ್ಟೆಯಲ್ಲಿ ಒಂದು ಅಂಗುಲ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿ, ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ. ನೀರನ್ನು ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರುತ್ತದೆ, ಕೈಯಿಂದ ಚಿಮುಕಿಸಬೇಕು. ಮೊದಲ ಎರಡು ದಿನ ಮುಚ್ಚಿಡಿ, ಆಮೇಲೆ ಕಿಟಕಿಯ ಬೆಳಕಿಗೆ. ಹಬ್ಬದ ಹೊತ್ತಿಗೆ ಎರಡು ಅಂಗುಲ ಎತ್ತರದ ಹಸಿರು ಸಿದ್ಧ.

ಒಂದೇ ತಟ್ಟೆಯ ಪೈರು ಒಂಬತ್ತು ದಿನ ನಿಲ್ಲುವುದಿಲ್ಲ, ಉದ್ದ ಬೆಳೆದು ಒರಗುತ್ತದೆ. ಆದ್ದರಿಂದ ಐದು ದಿನ ಬಿಟ್ಟು ಇನ್ನೊಂದು ತಟ್ಟೆ ಹಾಕಿ. ಹಗಲಿನಲ್ಲಿ ತಟ್ಟೆಯನ್ನು ಬೆಳಕಿಗಿಟ್ಟು ಸಂಜೆ ಗೊಂಬೆಯ ಬಳಿ ತರುವ ಜವಾಬ್ದಾರಿ ಒಂದು ಮಗುವಿಗೆ ಕೊಡಿ. ಪೈರಿನ ಪಕ್ಕ ದಿನವೂ ಅಳತೆ ಪಟ್ಟಿ ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ಎತ್ತರ ಬರೆಯುವುದು ಮಕ್ಕಳಿಗೆ ಬಲು ಇಷ್ಟ.

ಮೆಟ್ಟಿಲು ಕಟ್ಟುವುದು, ಪಟ್ಟದ ಗೊಂಬೆ ಸಿಂಗರಿಸುವುದು

ಮೆಟ್ಟಿಲುಗಳು ಬೆಸ ಸಂಖ್ಯೆಯಲ್ಲಿರುವುದು ರೂಢಿ: 3, 5, 7 ಅಥವಾ 9. ಮೊದಲ ಬಾರಿಗೆ ಮೂರು ಸಾಕು. ಮೇಜು, ಟ್ರಂಕು, ಬೆಂಚು ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿ. ಖಾಲಿ ರಟ್ಟಿನ ಪೆಟ್ಟಿಗೆ ಬಳಸುವುದಾದರೆ ಒಳಗೆ ಪುಸ್ತಕ ತುಂಬಿ ಭಾರ ಮಾಡಿ. ಎಲ್ಲ ಹಾಸಿದ ಮೇಲೆ ಪ್ರತಿ ಮೆಟ್ಟಿಲನ್ನೂ ಕೈಯಿಂದ ಒತ್ತಿ ನೋಡಿ. ಅಲುಗಿದರೆ ಗೊಂಬೆ ಇಡಬೇಡಿ. ಮಕ್ಕಳ ಮೆಟ್ಟಿಲು ಉಳಿದವುಗಳಿಗಿಂತ ಮುಂದಕ್ಕೆ ಚಾಚಿರಲಿ, ಮೇಲಿನ ಗೊಂಬೆಗೆ ಕೈ ತಾಗದೆ ಅವರು ಆಡುವಂತಿರಲಿ. ಅಲಂಕಾರಕ್ಕೆ ಎಲ್‌ಇಡಿ ದೀಪದ ಸರ ಸಾಕು. ಎಣ್ಣೆ ದೀಪ ಕಾಗದದ ಗೊಂಬೆಗಳಿಂದ ದೂರ, ಅಗಲ ತಟ್ಟೆಯಲ್ಲಿ, ನೆಲದ ಮೇಲೆ.

ಮೇಲಿನ ಮೆಟ್ಟಿಲಿನಲ್ಲಿ ಕಲಶ, ದೇವರು ಮತ್ತು ಪಟ್ಟದ ಗೊಂಬೆಗಳು. ರಾಜ ರಾಣಿಯರ ಈ ಮರದ ಜೋಡಿಗೆ ವರ್ಷವೂ ಹೊಸ ಉಡುಗೆ ತೊಡಿಸುವುದುಂಟು. ಈ ಕೆಲಸವನ್ನು ಅಜ್ಜಿ ಮೊಮ್ಮಕ್ಕಳು ಸೇರಿ ಮಾಡಲಿ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಕೂತು ಮಾಡಿದರೆ ಗೊಂಬೆ ಕೈಜಾರುವ ಭಯವಿಲ್ಲ. ಜರಿ ಅಂಚಿನ ಒಂದು ಗೇಣು ಪಟ್ಟಿ ರಾಣಿಯ ಸೀರೆಗೆ, ಎರಡು ಬೆರಳಗಲದ ಪಟ್ಟಿ ರಾಜನ ಪೇಟಕ್ಕೆ. ಗೋಂದು ತಾಗಿಸಬೇಡಿ, ಸೂಜಿ ದಾರದಲ್ಲಿ ಎರಡು ಟಾಕು ಹಾಕಿದರೆ ಮುಂದಿನ ವರ್ಷ ಬಿಚ್ಚಲು ಸುಲಭ. ಆ ಗೊಂಬೆ ಯಾರ ಮದುವೆಯಲ್ಲಿ, ಯಾವ ಊರಿನಿಂದ ಬಂತು ಎಂಬುದನ್ನು ಅಜ್ಜಿ ಹೇಳುವುದು ಇದೇ ಹೊತ್ತಿನಲ್ಲಿ. ಅದನ್ನು ಮಗು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

ದಿನವೂ ಸಂಜೆ: ಕರೆಯುವುದು, ಕಥೆ, ಚರ್ಪು

ಹಿಂದೆ ಮಕ್ಕಳು ಗುಂಪು ಕಟ್ಟಿಕೊಂಡು ಬೀದಿಯ ಮನೆಮನೆಗೂ ಹೋಗಿ "ಗೊಂಬೆ ಕೂರ್ಸಿದೀರಾ?" ಎಂದು ಕೇಳುತ್ತಿದ್ದರು. ಈಗ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತಟ್ಟಲು ಮಕ್ಕಳು ಹಿಂಜರಿಯುತ್ತಾರೆ. ಅದಕ್ಕೇ ಕರೆಯೋಲೆ ಮಾಡಿಸಿ. ಹಳೆ ಮದುವೆ ಪತ್ರಿಕೆಯ ಖಾಲಿ ಬದಿಯಲ್ಲಿ "ನಮ್ಮನೆ ಗೊಂಬೆ ನೋಡೋಕೆ ಬನ್ನಿ, ಸಂಜೆ 6ಕ್ಕೆ" ಎಂದು ಮಗುವೇ ಬರೆದು, ತಾನೇ ಹೋಗಿ ಕೊಡಲಿ. ಲಿಫ್ಟಿನಲ್ಲಿ ನೋಡಿ ಸುಮ್ಮನಾಗುವ ಮಕ್ಕಳು ಹೀಗೆ ಮನೆಯೊಳಗೆ ಬರುತ್ತಾರೆ.

ಆರತಿ, ಹಾಡು ಆದ ಮೇಲೆ ಮಗು ತನ್ನ ಮೆಟ್ಟಿಲಿನ ಕಥೆ ಹೇಳಲಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ತಪ್ಪು ಹೇಳಿದರೆ ಎಲ್ಲರೆದುರು ತಿದ್ದಬೇಡಿ. ಮೊಬೈಲ್ ಹಿಡಿದು "ಇನ್ನೊಂದ್ಸಲ ಹೇಳು, ವಿಡಿಯೋ ಮಾಡ್ತೀನಿ" ಎನ್ನುವುದೂ ಬೇಡ. ಮಗು ಎದುರಿಗಿರುವ ಗೆಳೆಯರಿಗೆ ಕಥೆ ಹೇಳುತ್ತಿರುತ್ತದೆ, ಕ್ಯಾಮೆರಾ ಬಂದರೆ ಅದರ ದನಿಯೇ ಬದಲಾಗುತ್ತದೆ.

ಬಂದವರಿಗೆ ಚರ್ಪು, ಅಂದರೆ ಗೊಂಬೆ ನೋಡಲು ಬಂದವರಿಗೆ ಹಂಚುವ ತಿಂಡಿ, ಕೊಡದೆ ಕಳಿಸುವಂತಿಲ್ಲ. ಉಸಲಿ ಮಕ್ಕಳು ಕೈಜೋಡಿಸಬಹುದಾದ ತಿಂಡಿ. ಕಡಲೆಕಾಳು, ಹೆಸರುಕಾಳು, ಅಲಸಂದೆ, ಬಟಾಣಿ ಎಂದು ದಿನಕ್ಕೊಂದು ಕಾಳು ಆರಿಸಿ ರಾತ್ರಿ ನೆನೆಹಾಕುವುದು ಮಕ್ಕಳ ಪಾಲು. ಬೇಯಿಸಿ ಒಗ್ಗರಣೆ ಕೊಡುವುದು ದೊಡ್ಡವರದ್ದು. ಆರಿದ ಮೇಲೆ ತೆಂಗಿನ ತುರಿ ಬೆರೆಸಿ, ನಿಂಬೆಹಣ್ಣು ಹಿಂಡಿ, ಬಾಳೆಲೆಯ ಚೂರಿನಲ್ಲಿ ಹಾಕಿಕೊಡುವುದು ಮತ್ತೆ ಮಕ್ಕಳದ್ದು. ಐದು ವರ್ಷದೊಳಗಿನ ಮಕ್ಕಳು ಬಂದರೆ ಕಾಳನ್ನು ಚೆನ್ನಾಗಿ ಮೆತ್ತಗೆ ಬೇಯಿಸಿ ಕಿವುಚಿ ಕೊಡಿ.

ಸರಸ್ವತಿ ಪೂಜೆ, ಆಯುಧ ಪೂಜೆ

ಮೂಲಾ ನಕ್ಷತ್ರದ ದಿನ, ಸಾಮಾನ್ಯವಾಗಿ ಸಪ್ತಮಿಯ ಹೊತ್ತಿಗೆ, ಪುಸ್ತಕಗಳನ್ನು ಪೂಜೆಗಿಡುತ್ತಾರೆ. ಪಠ್ಯಪುಸ್ತಕದ ಜೊತೆ ಮಗು ತಾನೇ ಹೊಲಿದ ಒಂದು ಪುಟ್ಟ ಪುಸ್ತಕವನ್ನೂ ಇಡಲಿ. ಎಂಟು ಖಾಲಿ ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ಮೇಲೆ ಮೂರು ತೂತು ಮಾಡಿ, ದಪ್ಪ ದಾರದಿಂದ ಹೊಲಿದರೆ 32 ಪುಟದ ಪುಸ್ತಕ. ವಿಜಯದಶಮಿಯಂದು ಪುಸ್ತಕ ಪೂಜೆಯಿಂದ ತೆಗೆದಾಗ ಅದರ ಮೊದಲ ಪುಟ ಬರೆಯಬೇಕು. ಈ ಹಬ್ಬದಲ್ಲಿ ತಾನು ಹೇಳಿದ ಕಥೆಯನ್ನೇ ಬರೆಯಬಹುದು.

ಆಯುಧ ಪೂಜೆಗೆ ಸೈಕಲ್ಲು, ಜಾಮಿಟ್ರಿ ಬಾಕ್ಸು, ಕ್ರಿಕೆಟ್ ಬ್ಯಾಟು, ಗೊಂಬೆ ಮಾಡಲು ಬಳಸಿದ ಕತ್ತರಿ, ಬ್ರಶ್ಶುಗಳನ್ನು ಮಕ್ಕಳೇ ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಲಿ. ಸೈಕಲ್ ಚೈನಿಗೆ ಎಣ್ಣೆ ಬಿಡುವುದನ್ನೂ ಅಂದೇ ಕಲಿಸಿ. ಬೂದುಗುಂಬಳಕಾಯಿ ಒಡೆದರೆ ಹೋಳುಗಳನ್ನು ಕೂಡಲೇ ರಸ್ತೆಯ ಬದಿಗೆ ಸರಿಸಬೇಕು. ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ. ಈ ಕೆಲಸಕ್ಕೆ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ.

ವಿಜಯದಶಮಿ: ಮನೆಯೊಳಗಿನ ಜಂಬೂ ಸವಾರಿ

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಇಂದು ನಾಡಹಬ್ಬ. ಮೈಸೂರಿನ ಮೆರವಣಿಗೆಯಲ್ಲಿ ಚಾಮುಂಡೇಶ್ವರಿಯನ್ನು ಕೂರಿಸುವ ಚಿನ್ನದ ಅಂಬಾರಿಯ ತೂಕ ಸುಮಾರು 750 ಕೆ.ಜಿ. ನಿನ್ನಂಥ ಎಷ್ಟು ಮಕ್ಕಳು ಸೇರಿದರೆ ಅಷ್ಟು ತೂಕ ಆಗುತ್ತದೆ ಎಂದು ಲೆಕ್ಕ ಹಾಕಿಸಿ. ಅದನ್ನು ಹೊತ್ತ ಬಲರಾಮ, ಅರ್ಜುನ, ಅಭಿಮನ್ಯು ಆನೆಗಳ ಹೆಸರು ಮಕ್ಕಳಿಗೆ ಕ್ರಿಕೆಟಿಗರ ಹೆಸರಿನಷ್ಟೇ ಬೇಗ ಬಾಯಿಗೆ ಬರುತ್ತದೆ.

ದೊಡ್ಡ ರಟ್ಟಿನ ಪೆಟ್ಟಿಗೆಯ ಮೇಲ್ಭಾಗ, ತಳ ಎರಡನ್ನೂ ತೆಗೆದು, ಎರಡು ದುಪಟ್ಟಾ ಕಟ್ಟಿ ಮಗುವಿನ ಹೆಗಲಿಗೆ ತೂಗುಹಾಕಿದರೆ ಆನೆಯ ಮೈ ಸಿದ್ಧ. ಮುಂದೆ ರಟ್ಟಿನ ತಲೆ, ಹಳೆ ಕಾಲುಚೀಲಕ್ಕೆ ಬಟ್ಟೆ ತುಂಬಿದ ಸೊಂಡಿಲು. ಅಂಬಾರಿಗೆ ಬಂಗಾರದ ಬಣ್ಣದ ಕಾಗದ ಸುತ್ತಿದ ಶೂ ಡಬ್ಬಿ ಸಾಕು. ಒಬ್ಬರು ತಟ್ಟೆ ಬಾರಿಸಲಿ, ಒಬ್ಬರು ಛತ್ರಿ ಹಿಡಿಯಲಿ. ಮೆರವಣಿಗೆ ದೇವರ ಮನೆಯಿಂದ ಹೊರಟು ಕೋಣೆಗಳನ್ನೆಲ್ಲ ಸುತ್ತಿ ಬಾಲ್ಕನಿಯ ಬನ್ನಿಮಂಟಪ ಸೇರಲಿ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬನ್ನಿ ಮರದಲ್ಲಿ ಅಡಗಿಸಿಟ್ಟ ಕಥೆಗೆ ಇದೇ ಜಾಗ. ಆಮೇಲೆ ಹಿರಿಯರಿಗೆ ಬನ್ನಿ ಕೊಟ್ಟು ನಮಸ್ಕರಿಸಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೇಳುವಂತೆ "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಎಂದು ಹೇಳುವುದನ್ನು ಎಲ್ಲ ಕಡೆಯ ಮಕ್ಕಳಿಗೂ ಕಲಿಸಿ. ಒಬ್ಬರಿಗೆ ಎರಡು ಎಲೆ ಸಾಕು, ಮರದ ರೆಂಬೆ ಮುರಿಯಬೇಕಿಲ್ಲ.

ಗೊಂಬೆ ಎತ್ತಿಡುವುದು

ದಶಮಿಯ ರಾತ್ರಿ ಆರತಿಯಾದ ಮೇಲೆ ಪಟ್ಟದ ಗೊಂಬೆಯನ್ನು ಮಲಗಿಸಿ, ಮರುದಿನ ಎತ್ತಿಡುವುದು ಪದ್ಧತಿ. ಮಲಗಿಸುವ ಕೆಲಸ ಮನೆಯ ಅತಿ ಕಿರಿಯ ಮಗುವಿಗೆ ಕೊಡಿ. ಮಣ್ಣಿನ ಗೊಂಬೆಗಳನ್ನು ಒಣ ಬ್ರಶ್ಶಿನಿಂದ ಧೂಳು ಹೊಡೆದು ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಒದ್ದೆ ಬಟ್ಟೆ ತಾಗಿದರೆ ಬಣ್ಣ ಏಳುತ್ತದೆ. ಪೇಪರ್ ಮುದ್ದೆಯ ಗೊಂಬೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ತೇವ ಒಳಗೇ ನಿಲ್ಲುತ್ತದೆ. ಬಟ್ಟೆ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿಡಿ. ಬೇಸಿಗೆಯಲ್ಲಿ ಒಮ್ಮೆ ತೆಗೆದು ಗಾಳಿಗೆ ಹರಡಿದರೆ ಹುಳು ಹಿಡಿಯುವುದಿಲ್ಲ. ರಾಗಿ ಪೈರು ಹಸುವಿಗೆ, ತಟ್ಟೆಯ ಮಣ್ಣು ಹೂಕುಂಡಕ್ಕೆ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮಗು ತನ್ನ ಕೈಬರಹದಲ್ಲಿ ಪಟ್ಟಿ ಅಂಟಿಸಲಿ: ಏನೇನಿದೆ, ಯಾವುದು ಮುಕ್ಕಾಗಿದೆ, ಪಟ್ಟದ ಗೊಂಬೆ ಯಾರ ತವರಿನದು, ಬರುವ ವರ್ಷ ಯಾವ ಕಥೆ.